ರವಿವಾರದ ಖಾಲಿ ಬಟ್ಟಲು

ಐದು ವರ್ಷದ ಹಿಂದಿನ ನನ್ನ ದಿನಚರಿಯಲ್ಲಿ ಫೆಬ್ರುವರಿ ತಿಂಗಳಿಗೆ ಮಾತ್ರ ಉದ್ದ ಗೆರೆ ಎಳೆದು ಮೂರು ಅಂಕಣ ಮಾಡಿದ್ದೇನೆ. ಮೊದಲನೆಯದು ತಾರೀಖು. ಎರಡನೆಯದು ಹರಿದ ಎಳೆ. ಮೂರನೆಯದು ಆ ದಿನ ನೇಯ್ದ ಬಟ್ಟೆ, ಬೆರಳಿನ ಅಳತೆಯಲ್ಲಿ. ಉಳಿದ ತಿಂಗಳುಗಳಲ್ಲಿ ಎಂದಿನಂತೆ ಸಾಲು ಸಾಲಾಗಿ ಬರೆದಿದ್ದೇನೆ: ನಳದ ನೀರು ಯಾವತ್ತು ಬಂತು, ಎಷ್ಟು ಕೊಡ ತುಂಬಿತು, ಅಕ್ಕ ಎಷ್ಟು ಹೊತ್ತಿಗೆ ಫೋನು ಮಾಡಿದಳು. ಎಂಟನೆಯ ತರಗತಿಯಿಂದ ಹತ್ತಿದ ಚಟ ಇದು. ಮನೆಯಲ್ಲಿ ಯಾರೂ ಹೊಗಳಿದ್ದಿಲ್ಲ. ಅತ್ತೆ ಮಾತ್ರ ಬಂದವರ ಮುಂದೆ, “ನಾಳಿ ಯಮ ಬಾಗಲಿಗೆ ಬಂದ್ರೂ ಇಕಿ ಮೊದಲ ಟೈಮ್ ಬರ್ಕೋತಾಳ ನೋಡ್ರಿ” ಎನ್ನುತ್ತಿದ್ದಳು.

ಅತ್ತೆ ಎಂದರೆ ಅಪ್ಪನ ಅಕ್ಕ. ಮದುವೆಯಾಗದೆ ಮಗ್ಗದ ಜತೆಗೇ ಉಳಿದವಳು. ಬೆಟಗೇರಿಯ ನಮ್ಮ ಓಣಿಯಲ್ಲಿ ಒಂದು ಕಾಲಕ್ಕೆ ಮನೆಗೊಂದು ಮಗ್ಗ ಇತ್ತಂತೆ. ನಾನು ಬುದ್ಧಿ ಬಲ್ಲಾಗ ಉಳಿದದ್ದು ನಾಲ್ಕು, ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ನಮ್ಮದೊಂದೇ. ಅದು ಕುಣಿ ಮಗ್ಗ. ನೆಲದಲ್ಲಿ ಸೊಂಟದ ಆಳಕ್ಕೆ ತೆಗ್ಗು, ಅದರೊಳಗೆ ಕಾಲು ಇಳಿಬಿಟ್ಟು ನೆಲದ ಅಂಚಿಗೆ ಕೂತು ನೇಯಬೇಕು. ಬೆಳಗ್ಗೆ ಕಣ್ಣು ಬಿಡುವ ಮೊದಲೇ ಕಿವಿಗೆ ಲಾಳಿಯ ಸದ್ದು ಬೀಳುತ್ತಿತ್ತು. ಆ ಸದ್ದು ನಿಂತಾಗಷ್ಟೇ ನಮಗೆ ಎಚ್ಚರವಾಗುತ್ತಿತ್ತು, ಚಹಾ ಆಯಿತು ಎಂದು.

ಅಪ್ಪ ಹುಡುಗನಾಗಿದ್ದಾಗಲೇ ನೇಯ್ಗೆ ಬಿಟ್ಟು ಹೊರಗಿನ ಕೆಲಸ ಹಿಡಿದವನು. ಆಗ ಅವನದು ಟಂಟಂ, ಮೂರು ಗಾಲಿಯ ಸಾಮಾನಿನ ಗಾಡಿ. ಗದಗಿನ ಒಂದು ಅಂಗಡಿಯಿಂದ ಟೈಲ್ಸ್ ತುಂಬಿಕೊಂಡು ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಹೊಸ ಮನೆಗಳಿಗೆ ಇಳಿಸಿ ಬರುತ್ತಿದ್ದ. ವಾರಕ್ಕೆ ಆರು ದಿನ ದಾರಿಯಲ್ಲಿ, ರವಿವಾರ ಒಂದೇ ದಿನ ಮನೆಯಲ್ಲಿ.

ಆ ಜನವರಿಯಲ್ಲಿ ಎರಡು ಸಂಗತಿಗಳು ಒಟ್ಟಿಗೆ ಬಂದವು. ಲಕ್ಷ್ಮೇಶ್ವರಕ್ಕೆ ಕೊಟ್ಟ ನನ್ನ ಅಕ್ಕನಿಗೆ ಏಳನೆಯ ತಿಂಗಳು ಹತ್ತಿರವಾಗಿ, ಫೆಬ್ರುವರಿ ಇಪ್ಪತ್ತೆಂಟರ ಶುಕ್ರವಾರ ಕುಬಸ, ಅಂದರೆ ಸೀಮಂತ, ಎಂದು ಗೊತ್ತಾಯಿತು. ಕುಬಸಕ್ಕೆ ತವರಿನಿಂದ ಹಸಿರು ಸೀರೆ ಒಯ್ಯಬೇಕು. ಎಲ್ಲರೂ ಅಂಗಡಿಯಿಂದ ತರುತ್ತಾರೆ. ನಮ್ಮ ಮನೆಯಲ್ಲಿ ಹಾಗಿಲ್ಲ. ಮನೆಯ ಹೆಣ್ಣುಮಗಳ ಮೊದಲ ಕುಬಸದ ಸೀರೆ ಮನೆಯ ಮಗ್ಗದಿಂದಲೇ ಇಳಿಯಬೇಕು. ಅಜ್ಜಿಯ ಕಾಲದಿಂದ ಒಂದು ಸಲವೂ ತಪ್ಪಿಲ್ಲ. ಅಜ್ಜಿಯ ನಂತರ ಅತ್ತೆಯೇ ಅಣ್ಣತಮ್ಮಂದಿರ ಮನೆಗಳ ಐದು ಹೆಣ್ಣುಮಕ್ಕಳಿಗೆ ನೇಯ್ದುಕೊಟ್ಟಿದ್ದಳು. ಅಕ್ಕ ಆರನೆಯವಳು. ಅತ್ತೆಗೆ ಆಗಲೇ ಅರವತ್ತೆರಡು. “ನಿನ್ನ ಕುಬಸಕ್ಕ ನಾ ಮಗ್ಗದಾಗ ಕುಂಡ್ರತೀನೋ ಇಲ್ಲೋ, ಇಕಿದಂತೂ ಮಾಡಿ ಮುಗಸ್ತೀನಿ” ಎಂದು ನನಗೆ ಹೇಳಿದ್ದಳು.

ಎರಡನೆಯ ಸಂಗತಿ ಅಪ್ಪನ ಟೈಲ್ಸ್. ಅಂಗಡಿಯಲ್ಲಿ ಬೇರೆ ಬೇರೆ ಬಣ್ಣದ ಉಳಿಕೆ ಪೆಟ್ಟಿಗೆಗಳಿದ್ದವು, ಬೇಕಾದರೆ ಒಯ್ಯಿ ಎಂದರಂತೆ. ಅಪ್ಪ ಅವನ್ನು ತಂದು ಮಗ್ಗದ ಕೋಣೆಗೆ ಹಾಕಿಸಿದ. ಉದ್ದಕ್ಕೆ ಬಿಗಿದ ಎಳೆಗಳ ಹಳೆಯ ಹಾಸು ಮುಗಿದು ಮಗ್ಗ ಖಾಲಿ ಇದ್ದ ವಾರವನ್ನೇ ನೋಡಿ, ಅತ್ತೆ ಅಕ್ಕನ ಮನೆಗೆ ಹೋಗಿದ್ದಾಗ, ನೆಲಕ್ಕೆ ಅಷ್ಟೇ ಅಲ್ಲ, ಕುಣಿಯ ನಾಲ್ಕೂ ಗೋಡೆಗೆ ಮತ್ತು ತಳಕ್ಕೆ ಕೂಡ ಹಾಕಿಸಿದ. ಅವನ ತಲೆಯಲ್ಲಿದ್ದದ್ದು ಅಜ್ಜಿಯ ಮೊಣಕಾಲು. ಆ ಹಸಿ ಮಣ್ಣಿನ ತೆಗ್ಗಿನಲ್ಲಿ ಕಾಲಿಟ್ಟು ಕೂತೇ ಅಜ್ಜಿಗೆ ಮೊಣಕಾಲು ಹಿಡಿದು, ಕಡೆಗೆ ಗೋಡೆ ಹಿಡಿದು ನಡೆಯುವಂತಾಯಿತು ಎಂದು ಅವನು ನಂಬಿದ್ದ. ತನ್ನ ಅಕ್ಕನಿಗೂ ಹಾಗೆ ಆಗಬಾರದು ಎಂದುಕೊಂಡಿದ್ದ.

ಲಕ್ಷ್ಮೇಶ್ವರದಿಂದ ಮರಳಿದ ಅತ್ತೆಯನ್ನು ಅವನು ಕೋಣೆಯ ಬಾಗಿಲಲ್ಲಿ ನಿಲ್ಲಿಸಿ ದೀಪ ಹಾಕಿದ.

“ಹೆಂಗೈತಿ ಅಕ್ಕಾ?”

ಅತ್ತೆ ಬಹಳ ಹೊತ್ತು ನೋಡಿದಳು. “ಯಪ್ಪಾ, ಸಾವಕಾರ್ರ ಮನಿ ಆಗೈತಲ್ಲೋ! ನಾ ಇದರಾಗ ಕಾಲು ತೊಳಕೊಂಡು ಇಳೀಬೇಕೋ ಏನು?”

“ಒಂದ ಮಾತು. ಮೊದಲಿನಂಗ ದಿನಾ ನೀರು ಹೊಡೀಬ್ಯಾಡ. ಜಾರಿ ಬಿದ್ದೀ.”

“ಆತು ಬಿಡಪಾ” ಎಂದಳು ಅತ್ತೆ.

ಆ ಸಂಜೆಯ ದಿನಚರಿಯಲ್ಲಿ, ಅತ್ತೆಗೆ ಬಹಳ ಖುಷಿಯಾಯಿತು ಎಂದು ಬರೆದಿದ್ದೇನೆ.

ಫೆಬ್ರುವರಿ ಮೂರು, ಸೋಮವಾರ, ಹಸಿರು ಹಾಸನ್ನು ಮಗ್ಗಕ್ಕೆ ಏರಿಸಿ ಅತ್ತೆ ನೇಯಲು ಕೂತಳು. ಸೀರೆಗೆ ಹನ್ನೆರಡು ಮೊಳ. ಅವಳ ವಯಸ್ಸಿನಲ್ಲಿ, ನಡುವೆ ಒಲೆಯ ಮುಂದೂ ನಿಂತು, ದಿನಕ್ಕೆ ಒಂದು ಮೊಳ ಎಂದರೂ ತಿಂಗಳ ಮಧ್ಯಕ್ಕೆ ಮುಗಿಯಬೇಕು. ಕುಬಸಕ್ಕೆ ಇನ್ನೂ ಹದಿಮೂರು ದಿನ ಕೈಯಲ್ಲಿರುತ್ತಿತ್ತು. ಆದರೆ ಮೊದಲ ದಿನ ಮಧ್ಯಾಹ್ನದಿಂದಲೇ ಎಳೆ ಹರಿಯತೊಡಗಿತು. ಹಾಸಿನಲ್ಲಿ ಒಂದು ಎಳೆ ಹರಿದರೆ ಮಗ್ಗ ನಿಲ್ಲಿಸಬೇಕು, ತುದಿ ಹುಡುಕಬೇಕು, ತುಂಡು ನೂಲು ಕಟ್ಟಿ ಹಣಿಗೆಯ ಸಂದಿಯಿಂದ ಹಾಯಿಸಿ ಮತ್ತೊಂದು ತುದಿಗೆ ಗಂಟು ಹಾಕಬೇಕು. ಅಷ್ಟರಲ್ಲಿ ಪಕ್ಕದ ನಾಲ್ಕು ಎಳೆ ತೊಡರಿಕೊಂಡಿರುತ್ತವೆ. ಅವನ್ನು ಬಿಡಿಸಿ ನಾಲ್ಕು ಸಲ ಲಾಳಿ ಒಗೆಯುವಷ್ಟರಲ್ಲಿ ಅತ್ತೆಯ ಬಾಯಿಂದ ಮತ್ತೆ ಅದೇ ಮಾತು: “ಹೋತು.”

ಸಿಟ್ಟಿನಿಂದ ಅಲ್ಲ. ಬಾಗಿಲಲ್ಲಿ ಹಾದುಹೋದ ಯಾರನ್ನೋ ನೋಡಿ ಹೇಳಿದಂತೆ. ಆ “ಹೋತು” ಈಗಲೂ ನನಗೆ ಆ ಮನೆಯ ಬೇರೆಲ್ಲ ಸದ್ದಿಗಿಂತ ಸ್ಪಷ್ಟವಾಗಿ ಕೇಳುತ್ತದೆ.

ನಾನು ಆಗ ಬಿ.ಎ. ಎರಡನೆಯ ವರ್ಷ. ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ಸರ್ ಮುಂಡರಗಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಅವರು ವಾರಕ್ಕೊಂದು ಕ್ರಿಯಾಪದ ಕೊಡುತ್ತಿದ್ದರು. ಅದನ್ನು ಮನೆಗೆ ಒಯ್ದು, ಮನೆಯಲ್ಲಿ ನಡೆದದ್ದನ್ನೇ ಹಿಡಿದು ಹತ್ತು ವಾಕ್ಯ ಮಾಡಿಕೊಂಡು ಬರಬೇಕು. ನಾಲ್ಕನೆಯ ತಾರೀಖಿನಂದು ಹಲಗೆಯ ಮೇಲೆ ಅವರು ಬರೆದದ್ದು ‘ಪ್ಲೇಗ್’.

“ಸರ್, ಇದು ಬ್ಯಾನಿ ಹೆಸರು ಅಲ್ರೀ?” ಎಂದಳು ಹಿಂದಿನ ಬೆಂಚಿನವಳು.

“ಹೌದವಾ, ಬ್ಯಾನಿನೂ ಹೌದು. ಇವತ್ತು ಕ್ರಿಯಾಪದ ಮಾಡಿ ನಿಮ್ಮ ಮನಿಗೆ ಕಳಸ್ತೀನಿ.”

“ಬ್ಯಾಡ್ರೀ ಸರ್, ನಮ್ಮವ್ವ ಒಳಗ ಬಿಡಂಗಿಲ್ಲ.”

ನಗು ಮುಗಿಯುವ ತನಕ ಸರ್ ಕಾದರು. ಆಮೇಲೆ ಹೇಳಿದ್ದನ್ನು ನಾನು ಅವರ ಮಾತಿನಲ್ಲೇ ಬರೆದುಕೊಂಡಿದ್ದೇನೆ. “ಹಳ್ಳ ಬಂತು, ಮನಿಯೊಳಗ ನೀರು ನಿಂತಿತು, ಮರುದಿನ ಇಳೀತು. ದೊಡ್ಡ ತ್ರಾಸ ಖರೆ, ಆದ್ರ ಅದಕ್ಕ ಈ ಪದ ಅಲ್ಲ. ಚಪ್ಪಲಿಯೊಳಗ ಒಂದು ಹರಳು ಬಂತು. ತಗದು ಒಗದ್ರಿ. ನಾಲ್ಕು ಹೆಜ್ಜಿಗೆ ಮತ್ತೊಂದು. ಅದನ್ನೂ ಒಗದ್ರಿ, ಮತ್ತೊಂದು. ಸಣ್ಣದು, ಆದ್ರ ಬಿಡವಲ್ದು. ಅದಕ್ಕ ಈ ಪದ. ನಮ್ಮ ಕನ್ನಡದಾಗ ‘ಕಾಡು’ ಅಂತೀವಲ್ಲ, ಅದರ ಮಗ್ಗಲಿಗೇ ಇದನ್ನ ಕುಂಡ್ರಸ್ರಿ.”

ಮನೆಗೆ ಬಂದು ನಾನು ಎಲ್ಲರನ್ನೂ ಕೇಳಿದೆ, ಬಿಡದೆ ಬರುವ ತೊಂದರೆಗೆ ನೀವು ಏನು ಅನ್ನುತ್ತೀರಿ ಎಂದು. ಅಪ್ಪ ಶೂ ಬಿಚ್ಚುತ್ತ “ಕಿರಿಕಿರಿ” ಎಂದ. ಅವ್ವ “ತ್ರಾಸ” ಎಂದಳು. ಅತ್ತೆ ಮಗ್ಗದಿಂದ ತಲೆ ಎತ್ತದೆ, “ಜೀವಾ ತಿಂತೈತಿ ಅಂತೀವಿ. ನೀ ಈಗ ಮಾಡಾಕತ್ತೀದಿ ನೋಡು, ಹಂಗ” ಎಂದಳು.

ಆರನೆಯ ತಾರೀಖು ನನ್ನ ವಾಕ್ಯಗಳನ್ನು ಒಯ್ದೆ. ಸೊಳ್ಳೆಯ ಬಗ್ಗೆ ಬರೆದದ್ದಕ್ಕೆ ಸರ್ ಸರಿ ಗುರುತು ಹಾಕಿದರು. ಮುಂಡರಗಿ ಬಸ್ಸಿನ ಬಗ್ಗೆ ಬರೆದದ್ದಕ್ಕೆ ನಕ್ಕು ಎರಡು ಸರಿ ಗುರುತು ಹಾಕಿದರು. ನಳಕ್ಕೆ ಹತ್ತು ಹತ್ತು ದಿನ ನೀರು ಬಾರದೆ ಇರುವುದು ನಮ್ಮನ್ನು ಕಾಡುತ್ತದೆ ಎಂಬ ವಾಕ್ಯವನ್ನು ಗಟ್ಟಿಯಾಗಿ ಓದಿ, “ಬಾರದ ಇರೂದೂ ಕಾಡ್ತೈತಿ ಅಂತ ತಿಳದೀಯಲ್ಲ, ಶಾಣೆ ಇದ್ದಿ” ಎಂದರು. ಲಕ್ಷ್ಮೇಶ್ವರದ ಅಕ್ಕ ದಿನಾ ಫೋನು ಮಾಡಿ “ಸೀರಿ ಎಲ್ಲಿಗೆ ಬಂತು?” ಎಂದು ಕೇಳುವುದನ್ನು ಬರೆದಿದ್ದೆ. ಅದರ ಮೇಲೆ ಅವರ ಪೆನ್ನು ನಿಂತಿತು.

“ಇಲ್ಲಿ ಬಳಸಿದ್ರೂ ತಪ್ಪಲ್ಲ. ಆದ್ರ ಬೇಕಂತ ಕೇಳಿ ಕೇಳಿ ಬೆನ್ನು ಹತ್ತಾಕ ಇದಕ್ಕಿಂತ ಚಲೋ ಪದ ಐತಿ, ‘ಪೆಸ್ಟರ್’. ಈ ಪದ ಎಲ್ಲಿ ಒಪ್ತೈತಿ ಗೊತ್ತೇನು? ಯಾರ ಮ್ಯಾಲೂ ಬೊಟ್ಟು ಮಾಡಾಕ ಬರದಲ್ಲಿ. ಸೊಳ್ಳಿಗೆ ನಿನ್ನ ಮ್ಯಾಲೆ ಸಿಟ್ಟಿರ್ತೈತೇನು? ಇನ್ನೊಂದು ನೆಂಪಿಡು. ಹೊರಗಿಂದ ಬರೂದಷ್ಟ ಅಲ್ಲ. ಸಂಶಯ, ಮಾಡಿದ ತಪ್ಪು, ಆಡಿದ ಮಾತು, ಇವು ಒಳಗಿಂದ ಕಾಡ್ತಾವ. ಅದಕ್ಕೂ ಇದ ಪದ.”

ಏಳನೆಯ ವಾಕ್ಯದಲ್ಲಿ ಎಳೆಗಳು ಅತ್ತೆಯನ್ನು ಕಾಡುತ್ತಿವೆ ಎಂದು ಬರೆದಿದ್ದೆ. ಅದರ ಕೆಳಗೆ ಕೆಂಪು ಶಾಯಿಯಲ್ಲಿ ಸರ್ ಬರೆದರು: ‘ದಿನಕ್ಕೆ ಎಷ್ಟು? ಯಾವಾಗಿನಿಂದ? ಗೊತ್ತಿಲ್ಲದೆ ಈ ಪದ ಬಳಸಬೇಡ.’

ನನ್ನಂಥವಳಿಗೆ ಅಷ್ಟು ಸಾಕಾಗಿತ್ತು.

“ಅತ್ತಿ, ದಿನಕ್ಕ ಎಷ್ಟು ಸಲ ಹರೀತೈತಿ?”

“ಎಣಿಸ್ಕೋತ ಕುಂತ್ರ ನೇಯೂದು ಯಾವಾಗ?”

ನಾನು ಕಾಲೇಜಿನಲ್ಲಿರುವ ಹೊತ್ತಿನ ಲೆಕ್ಕ ಯಾರು ಇಡಬೇಕು? ಅವಳ ಎರಡೂ ಕೈ ಮಗ್ಗದ ಮೇಲಿರುತ್ತವೆ. ಹಾಗಾಗಿ ಒಂದು ಸ್ಟೀಲಿನ ಬಟ್ಟಲನ್ನು ಅವಳ ಬಲಗಡೆ ಇಟ್ಟೆ, ಪಕ್ಕದಲ್ಲಿ ಒಂದು ಮುಷ್ಟಿ ಹುಣಸೆ ಬೀಜ. ಎಳೆ ಒಂದು ಹರಿದರೆ ಬಟ್ಟಲಿಗೆ ಬೀಜ ಒಂದು. ಸಂಜೆ ನಾನು ಬಂದು ಎಣಿಸುತ್ತೇನೆ.

“ಈ ವಯಸ್ಸಿನಾಗ ನನಗ ಬೀಜದ ಆಟ ಹಚ್ಚಿದಿ” ಎಂದಳು. ಆದರೂ ಹಾಕಿದಳು. ಬೀಜ ಬಟ್ಟಲಿಗೆ ಬಿದ್ದಾಗ ಟಣ್ ಎಂದು ಅಡುಗೆಮನೆಯ ತನಕ ಕೇಳುತ್ತಿತ್ತು.

ಕೋಷ್ಟಕ ಶುರುವಾದದ್ದು ಏಳನೆಯ ತಾರೀಖು, ಶುಕ್ರವಾರ. ಆ ದಿನ ಹದಿನಾರು ಬೀಜ. ಶನಿವಾರ ಹದಿನಾಲ್ಕು. ರವಿವಾರ ಸೊನ್ನೆ. ಸೋಮವಾರ ಮತ್ತೆ ಹತ್ತೊಂಬತ್ತು. ಆ ವಾರ ಪೂರ್ತಿ ಹದಿನೈದರ ಕೆಳಗೆ ಇಳಿಯಲಿಲ್ಲ, ಗುರುವಾರ ಇಪ್ಪತ್ತೊಂದಕ್ಕೆ ಮುಟ್ಟಿತು. ಬಟ್ಟೆ ಮಾತ್ರ ದಿನಕ್ಕೆ ಎಂಟು ಬೆರಳು. ಒಂದು ಮೊಳಕ್ಕೆ ಇಪ್ಪತ್ತನಾಲ್ಕು ಬೆರಳು. ಎಂದರೆ ಮೂರು ದಿನಕ್ಕೆ ಒಂದು ಮೊಳ. ಈ ಲೆಕ್ಕದಲ್ಲಿ ಕುಬಸದ ದಿನಕ್ಕೆ ಎಂಟು ಮೊಳ ದಾಟುವುದೂ ಕಷ್ಟ ಎಂಬುದನ್ನು ನಾನು ಪೆನ್ಸಿಲ್ಲಿನಲ್ಲಿ ಪಕ್ಕಕ್ಕೆ ಬರೆದಿಟ್ಟು ಯಾರಿಗೂ ತೋರಿಸಲಿಲ್ಲ.

ಹೇಳದಿದ್ದರೂ ಎಲ್ಲರಿಗೂ ಗೊತ್ತಾಗುತ್ತಿತ್ತು. ಅವ್ವ ನೂಲಿಗೆ ಹಾಕಿದ ಗಂಜಿ ತೆಳುವಾಯಿತು ಎಂದಳು. ಎದುರು ಮನೆಯವರು ಹಸಿರು ಬಣ್ಣದ ಮೇಲೆ ಯಾರದೋ ಕಣ್ಣು ಬಿದ್ದಿದೆ ಎಂದು ಮೆಣಸಿನಕಾಯಿ ನಿವಾಳಿಸಿ ಹೋದರು. ಅತ್ತೆ ನೂಲನ್ನೇ ಬೈದಳು: “ಈ ಸಲದ್ದು ಹಟಮಾರಿ ನೂಲು. ನಮ್ಮ ಮನಿ ಹುಡುಗ್ಯಾರಂಗ.” ಅಕ್ಕ ಫೋನಿನಲ್ಲಿ, “ಅತ್ತಿ, ಆಗದಿದ್ರ ಬಿಡ್ರಿ, ಇಲ್ಲೆ ಪ್ಯಾಟ್ಯಾಗ ಒಂದು ತಗೋತೀನಿ” ಎಂದಾಗ ಮಾತ್ರ ಅತ್ತೆಯ ಮುಖ ಸಣ್ಣದಾಯಿತು. “ಐದು ಮಂದಿಗೆ ಕೊಟ್ಟ ಕೈ ಐತಿ ಇದು. ನಿನಗ ಪ್ಯಾಟಿ ಸೀರಿ ಉಡಿಸಿ ನಾ ಯಾರಿಗೆ ಮಾರಿ ತೋರಸ್ಲಿ?” ಎಂದು ಫೋನು ನನ್ನ ಕೈಗೆ ಕೊಟ್ಟು ಮತ್ತೆ ಕುಣಿಗೆ ಇಳಿದಳು.

ಹದಿನಾರನೆಯ ತಾರೀಖು, ರವಿವಾರ. ಬೆಳಗಿನಿಂದ ಅತ್ತೆ ಮಗ್ಗದಲ್ಲಿದ್ದಳು. ಅಪ್ಪ ಪ್ರತಿ ರವಿವಾರದಂತೆ ಅದೇ ಕೋಣೆಯ ಟೈಲ್ಸ್ ಮೇಲೆ, ದಿಂಬು ಕೂಡ ಇಲ್ಲದೆ ಅಂಗಾತ ಬಿದ್ದುಕೊಂಡಿದ್ದ. ಆರು ದಿನದ ಎಂಜಿನ್ನಿನ ಬಿಸಿ ಅವನ ಮೈಯಿಂದ ಇಳಿಯುವುದು ಅಲ್ಲೇ. “ತಂಪೈತಿ ಅಕ್ಕಾ, ಭಾಳ ತಂಪೈತಿ” ಎಂದು ಕಣ್ಣು ಮುಚ್ಚಿಯೇ ಹೇಳುತ್ತಿದ್ದ. “ಹೂಂ, ಮಲ್ಕೋ” ಎನ್ನುತ್ತಿದ್ದಳು ಅತ್ತೆ. ಊಟದ ಹೊತ್ತಿಗೆ ನಾನು ಬಟ್ಟಲು ನೋಡಿದೆ. ಒಂದೂ ಬೀಜ ಇಲ್ಲ. ಎರಡನೆಯ ರವಿವಾರವೂ ಸೊನ್ನೆ.

ಆಗ ನನಗೆ ಹೊಳೆಯಿತು. ರವಿವಾರ ಉಳಿದ ದಿನಗಳಂತಲ್ಲ. ಅವ್ವ ಆ ದಿನ ಬೆಳಗ್ಗೆ ವಾರದ ಬಟ್ಟೆ ಒಗೆದ ನೀರನ್ನು ಮಗ್ಗದ ಕೋಣೆಗೆ ಬಕೀಟು ಬಕೀಟು ಸುರಿದು ತೊಳೆಯುತ್ತಾಳೆ. ನೆಲ ಒದ್ದೆ ಇದ್ದ ದಿನ ಎಳೆ ಹರಿಯುವುದಿಲ್ಲ. ಒಣಗಿದ ದಿನ ಹರಿಯುತ್ತದೆ. ಮೊದಲು ಮಣ್ಣಿನ ನೆಲಕ್ಕೆ ಅತ್ತೆ ದಿನಾ ನೀರು ಹೊಡೆಯುತ್ತಿದ್ದದ್ದು ಧೂಳಿಗಲ್ಲ, ನೂಲಿಗೆ.

ಕಂಡುಹಿಡಿದ ಖುಷಿಯಲ್ಲಿ ನಾನು ಪುಸ್ತಕ ಹಿಡಿದುಕೊಂಡೇ ಊಟಕ್ಕೆ ಕೂತೆ. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ. ನಾಲ್ಕೂ ಜನ ಸುತ್ತ ಕೂತಿದ್ದೆವು.

“ಅಪ್ಪಾ, ಎಳಿ ಯಾಕ ಹರಿಯಾಕತ್ತಾವ ಅಂತ ಗೊತ್ತಾತು.”

“ಹೇಳವಾ.”

ನಾನು ಹೇಳಿದೆ. ತಾರೀಖು ಹಿಡಿದು, ಬೀಜದ ಲೆಕ್ಕ ಹಿಡಿದು ಹೇಳಿದೆ. ಎರಡು ರವಿವಾರ ಬಿಟ್ಟು ಎಂಟು ದಿನಕ್ಕೆ ನೂರಾ ನಲವತ್ತು ಎಳೆ ಎಂದೆ. ಕುಣಿಯೊಳಗಿನ ಹಸಿ ಮಣ್ಣಿನಿಂದ ಹಾಸಿನ ಎಳೆಗಳಿಗೆ ತಂಪು ಏರುತ್ತಿತ್ತು, ಈಗ ಏರುವುದಿಲ್ಲ ಎಂದೆ. “ಟೈಲ್ಸ್ ಹಾಕಿದ ಮ್ಯಾಲೆ ಶುರು ಆಗೈತಪ್ಪಾ ಇದು” ಎಂದೂ ಹೇಳಿಬಿಟ್ಟೆ.

ಅಪ್ಪನ ಕೈಯಲ್ಲಿ ರೊಟ್ಟಿಯ ತುಣುಕು ನಿಂತಿತು.

“ಏ, ಸುಮ್ನ ಉಣ್ಣ” ಎಂದಳು ಅತ್ತೆ. ಅವಳ ದನಿ ಅಷ್ಟು ಬಿರುಸಾಗಿದ್ದನ್ನು ನಾನು ಕೇಳಿರಲಿಲ್ಲ. “ನೆಲಕ್ಕೂ ನೂಲಿಗೂ ಏನ್ ಸಂಬಂಧ? ನೂಲಿನ ತಪ್ಪು ಅಂತ ಎಷ್ಟು ಸಲ ಹೇಳ್ಬೇಕು?”

“ನೀನ ದಿನಾ ನೀರು ಹೊಡೀತಿದ್ದೆಲ್ಲತ್ತಿ?”

“ಧೂಳ ಏಳಬಾರ್ದಂತ ಹೊಡೀತಿದ್ದೆ.”

ಅಪ್ಪ ಎಡಗೈ ಚಾಚಿ ಪುಸ್ತಕ ಇಸಿದುಕೊಂಡ. ಹೆಬ್ಬೆರಳಿನಿಂದ ಅಂಕಣದ ಮೇಲಿನಿಂದ ಕೆಳಕ್ಕೆ ಇಳಿದ. ರವಿವಾರದ ಸೊನ್ನೆಯ ಹತ್ತಿರ ಒಂದು ಕ್ಷಣ ತಡೆದ. “ಅಕ್ಷರ ಚಂದ ಅದಾವ” ಎಂದು ಪುಸ್ತಕ ಮರಳಿ ಕೊಟ್ಟ. ತಟ್ಟೆಯಲ್ಲಿದ್ದುದನ್ನು ಮುಗಿಸಿ ಎದ್ದ.

ಆ ಮಧ್ಯಾಹ್ನ ಅವನು ಟೈಲ್ಸ್ ಮೇಲೆ ಮಲಗಲಿಲ್ಲ. ನಾನು ಬಟ್ಟೆ ಒಣಹಾಕಲು ಹೊರಗೆ ಹೋದಾಗ ಟಂಟಂ ಗಾಡಿಯ ಮುಂದಿನ ಸೀಟಿನಲ್ಲಿ ಮೊಣಕಾಲು ಮಡಚಿ ಮಲಗಿದ್ದ. ಬಿಸಿಲು ಅವನ ಪಾದದ ಮೇಲಿತ್ತು. ಅದನ್ನು ನಾನು ದಿನಚರಿಯಲ್ಲಿ ಬರೆಯಲಿಲ್ಲ. ಅಂದಿನ ತಾರೀಖಿನಲ್ಲಿ ಇರುವುದು ಎರಡೇ: ಸೊನ್ನೆ, ಏಳು ಬೆರಳು.

ಮೂರು ದಿನ ಅವನು ಅತ್ತೆಯ ಹತ್ತಿರ ಚಹಾ, ನೀರು ಎಂಬಷ್ಟು ಬಿಟ್ಟು ಬೇರೆ ಮಾತಾಡಲಿಲ್ಲ. ಅತ್ತೆ ನನ್ನ ಹತ್ತಿರ ಅಷ್ಟೂ ಮಾತಾಡಲಿಲ್ಲ. ಮಗ್ಗ ನಡೆಯುತ್ತಿತ್ತು, ನಿಲ್ಲುತ್ತಿತ್ತು, ಟಣ್ ಎನ್ನುತ್ತಿತ್ತು.

ಇಪ್ಪತ್ತನೆಯ ತಾರೀಖು, ಗುರುವಾರ, ನಾನು ಕಾಲೇಜಿನಿಂದ ಬರುವಾಗ ಗಾಡಿ ಆಗಲೇ ಮನೆಯ ಮುಂದಿತ್ತು. ಹಿಂದೆ ನಾಲ್ಕು ಚೀಲ ಕೆಂಪು ಮಣ್ಣು. ಮುಂಡರಗಿಯಿಂದ ಬರುವಾಗ ದಾರಿಯಲ್ಲಿ ತುಂಬಿಕೊಂಡು ಬಂದದ್ದು. ಒಳಗೆ ಅಪ್ಪ ಅಂಗಿ ಕಳಚಿ ಕುಣಿಯೊಳಗೆ ಇಳಿದಿದ್ದ. ಕೈಯಲ್ಲಿ ಸುತ್ತಿಗೆ, ಉಳಿ. ಮಗ್ಗದ ಮೇಲಿನ ಹಾಸಿನ ಎಳೆಗಳಿಗೆ ಧೂಳು ತಾಗದಂತೆ ಅವ್ವನ ಎರಡು ಹಳೆಯ ಸೀರೆ ಹೊದಿಸಿದ್ದ. ಅತ್ತೆ ದಂಡೆಯಲ್ಲಿ ಕೂತು ಅವನ ರಟ್ಟೆ ಹಿಡಿದಿದ್ದಳು.

“ಒಡೀಬ್ಯಾಡೋ. ನಾ ಹೆಂಗರ ಮಾಡಿ ಮುಗಸ್ತೀನಿ. ಎಷ್ಟು ಚಂದ ಹಾಕ್ಸಿದಿ…”

“ಅಕ್ಕಾ, ಖರೆ ಹೇಳು. ನಿನಗ ಮೊದಲ ದಿನದಿಂದ ಗೊತ್ತಿತ್ತೋ ಇಲ್ಲೋ?”

ಅತ್ತೆ ರಟ್ಟೆ ಬಿಟ್ಟಳು.

“ನಲವತ್ತೈದು ವರ್ಷ ಈ ತೆಗ್ಗಿನಾಗ ಕಾಲಿಟ್ಟಾಕಿ. ನಿನಗ ಗೊತ್ತಿಲ್ಲ ಅಂದ್ರ ನಾ ನಂಬಂಗಿಲ್ಲ.”

“ಗೊತ್ತಿತ್ತು” ಎಂದಳು ಅತ್ತೆ. “ಐತಾರಕ್ಕೊಮ್ಮೆ ನೀ ಇಲ್ಲಿ ಬಿದ್ಕೊಂಡು ತಂಪೈತಿ, ತಂಪೈತಿ ಅಂತಿದ್ದೆಲ್ಲ. ಹೆಂಗ ಹೇಳ್ಲಿ?”

ಅಪ್ಪ ಉಳಿಯನ್ನು ಟೈಲ್ಸ್ ಅಂಚಿಗೆ ಇಟ್ಟ. ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿ, “ಬರ್ಕೋವಾ. ಮಧ್ಯಾಹ್ನ ಎಷ್ಟಾತು?” ಎಂದ.

“ಎರಡೂ ಹತ್ತಪ್ಪಾ.”

“ಎರಡೂ ಹತ್ತಕ್ಕ ಮೊದಲ ಟೈಲ್ಸ್ ಒಡೀತು” ಎಂದು ಹೊಡೆದ.

ಕುಣಿಯ ಟೈಲ್ಸ್ ಮಾತ್ರ ತೆಗೆದ. ಮೇಲಿನ ನೆಲ ಇರಲಿ ಎಂದು ಅತ್ತೆ ಹಟ ಹಿಡಿದಳು. ಕೆಂಪು ಮಣ್ಣು ಮೆತ್ತಿ, ನೀರು ಹೊಡೆದು, ಗೋಡೆಗೆ ಒದ್ದೆ ಗೋಣಿಚೀಲ ಇಳಿಬಿಟ್ಟೆವು. ಮರುದಿನ ಬೆಳಗ್ಗೆ ಅತ್ತೆ ಕಾಲು ಇಳಿಸಿ, “ಹಾಂ” ಎಂದು ಉಸಿರು ಬಿಟ್ಟಳು. ಹಳೆಯ ಚಪ್ಪಲಿ ಮೆಟ್ಟಿದವರ ಹಾಗೆ.

ಶುಕ್ರವಾರ ಒಂಬತ್ತು ಬೀಜ. ಶನಿವಾರ ಐದು. ಇಪ್ಪತ್ಮೂರು, ರವಿವಾರ, ಮೂರು. ಅದರ ಪಕ್ಕದಲ್ಲಿ, ‘ರವಿವಾರ ಮೊದಲ ಸಲ ಸೊನ್ನೆ ಅಲ್ಲ, ಯಾಕೆ?’ ಎಂದು ಬರೆದು ಅಲ್ಲಿಗೇ ಬಿಟ್ಟಿದ್ದೇನೆ. ದಿನಕ್ಕೆ ಎಂಟಿದ್ದ ಬೆರಳು ಇಪ್ಪತ್ತು ದಾಟಿತು. ಅಪ್ಪ ಸಂಜೆ ಬಂದವನೇ ಗೋಣಿಚೀಲಕ್ಕೆ ನೀರು ಹಾಕುತ್ತಿದ್ದ. ಅವ್ವ ಅತ್ತೆಯ ಪಾಲಿನ ಅಡುಗೆ ಕೆಲಸವನ್ನೂ ತಾನೇ ಎಳೆದುಕೊಂಡಳು. ನಾನು ಕಾಲೇಜು ಬಿಟ್ಟು ಎರಡು ದಿನ ಲಾಳಿಯೊಳಗೆ ಕೂಡಿಸುವ ಕಂಡಿಕೆಗೆ ನೂಲು ಸುತ್ತಿಕೊಟ್ಟೆ. ಇಪ್ಪತ್ತೇಳರ ಸಂಜೆ ಅತ್ತೆ ಕತ್ತರಿ ಕೇಳಿದಳು. ಇಳಿದ ಸೀರೆಯನ್ನು ನಾನು ಅಳೆದೆ. ಹನ್ನೆರಡು ಮೊಳಕ್ಕೆ ಏಳು ಬೆರಳು ಕಡಿಮೆ.

ಮರುದಿನ ಬೆಳಗ್ಗೆ ಬುತ್ತಿಯ ಗಂಟುಗಳೊಂದಿಗೆ ಟಂಟಂನಲ್ಲಿ ಹೊರಟೆವು. ಅತ್ತೆ ಸೀರೆಯನ್ನು ತೊಡೆಯಿಂದ ಕೆಳಗಿಳಿಸಲಿಲ್ಲ. ದಾರಿಯಲ್ಲಿ ಸಿಗುವ ಮಾಗಡಿ ಕೆರೆಯಲ್ಲಿ ದೂರದ ದೇಶದ ಹಕ್ಕಿಗಳು ಇನ್ನೂ ಇದ್ದವು. ನಾನು ಕತ್ತು ಚಾಚಿ ಎಣಿಸತೊಡಗಿದೆ. “ನಿಲ್ಲಸಂಗಿಲ್ಲ, ಈಗ ನಿಲ್ಲಸಿದ್ರ ಇಕಿ ರೆಕ್ಕಿನೂ ಎಣಿಸ್ತಾಳ” ಎಂದು ಅಪ್ಪ ಗಾಡಿಯ ವೇಗ ಹೆಚ್ಚಿಸಿದ. ಆ ರವಿವಾರದ ಊಟದ ನಂತರ ಅವನು ನನ್ನ ಬಗ್ಗೆ ಮಾಡಿದ ಮೊದಲ ಚೇಷ್ಟೆ ಅದು.

ಅಕ್ಕ ಸೀರೆ ಬಿಚ್ಚಿ ಕೈಯಾಡಿಸಿದಳು. “ಅತ್ತಿ, ಈ ಕಡೆ ಗಂಟು ಭಾಳ ಅದಾವಲ್ರೀ?”

“ಅದನ್ನ ಒಳಗ ಸೊಂಟಕ್ಕ ಸಿಗಸು. ಗಂಟಿದ್ರ ಜಾರಂಗಿಲ್ಲ.”

“ಏಳು ಬೆರಳು ಕಡಿಮಿ ಐತಂತ? ಇಕಿ ಬಂದಕೂಡ್ಲೆ ಹೇಳಿದ್ಲು.”

“ಇಕಿ ನಾಲಿಗಿ ಅಳೀಬೇಕಿತ್ತು ಮೊದಲ. ಒಂದು ನಿರಿಗಿ ಕಡಿಮಿ ಹಾಕು.”

ಆ ಸೀರೆ ಉಟ್ಟು ಅಕ್ಕ ಕುಬಸಕ್ಕೆ ಕೂತಳು. ಬಂದವರಿಗೆಲ್ಲ ಅತ್ತೆ ತಾನೇ ಅರಿಷಿಣ ಕುಂಕುಮದ ತಟ್ಟೆ ಹಿಡಿದು ಓಡಾಡಿದಳು. ಆರನೆಯದೂ ಆಯಿತು ಎಂದು ಯಾರಿಗೋ ಹೇಳುವುದು ನನಗೆ ಕೇಳಿಸಿತು.

ಮಾರ್ಚಿನಲ್ಲಿ ಸರ್‌ಗೆ ವಾಕ್ಯಗಳನ್ನು ತಿದ್ದಿ ಕೊಟ್ಟೆ. ಒಂಬತ್ತೇ ಇದ್ದವು. “ಹತ್ತನೇದು?” ಎಂದರು. “ಆಮೇಲೆ ಬರೀತೀನ್ರಿ ಸರ್” ಎಂದೆ. ಬರೆಯಲಿಲ್ಲ. ಗಾಡಿಯ ಸೀಟಿನಲ್ಲಿ ಮೊಣಕಾಲು ಮಡಚಿ ಮಲಗಿದ್ದ ಅಪ್ಪ, ಅವನ ಪಾದದ ಮೇಲಿನ ಬಿಸಿಲು, ಅದು ಆ ವರ್ಷ ಎಷ್ಟು ಸಲ ನನ್ನ ಕಣ್ಣ ಮುಂದೆ ಬಂತೋ ಅದಕ್ಕೆ ಲೆಕ್ಕ ಇಟ್ಟಿಲ್ಲ. ಅಪ್ಪನೊಬ್ಬನ ಹತ್ತಿರ ಹೊರಗೆ ಹೇಳಬಹುದಿತ್ತು. ಎಲ್ಲರೂ ಉಣ್ಣುವಾಗ ಹೇಳಬೇಕಾಗಿರಲಿಲ್ಲ.

ಈಗ ನಾನು ಶಿರಹಟ್ಟಿಯ ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಹೋದ ತಿಂಗಳು ಒಂಬತ್ತನೆಯ ತರಗತಿಯ ಪಾಠದಲ್ಲಿ ಅದೇ ಕ್ರಿಯಾಪದ ಬಂತು. ನಮ್ಮ ಸರ್ ಹೇಳಿದ ಹರಳಿನ ಮಾತನ್ನೇ ಹೇಳಿದೆ. ಒಳಗಿಂದ ಕಾಡುವುದಕ್ಕೂ ಇದೇ ಪದ ಎನ್ನುವಾಗ ಉದಾಹರಣೆ ಸಿಗದೆ ತಡವರಿಸಿದೆ. ಆ ರವಿವಾರ ಮನೆಯಲ್ಲಿ ಹಳೆಯ ದಿನಚರಿ ತೆಗೆದೆ.

ಅತ್ತೆಗೆ ಈಗ ಅರವತ್ತೇಳು. ಕುಣಿಗೆ ಇಳಿದರೆ ಏರುವುದು ಆಗುವುದಿಲ್ಲ, ಹಾಗಾಗಿ ಎರಡು ವರ್ಷದಿಂದ ಮಗ್ಗ ಸುಮ್ಮನಿದೆ. ಕುಣಿಯ ಮೇಲೆ ಹಲಗೆ ಮುಚ್ಚಿದೆ. ಅವಳು ಅದರ ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅಪ್ಪ ಆಚೆ ಗೋಡೆಯ ಹತ್ತಿರ ಟೈಲ್ಸ್ ಮೇಲೆ ಅಂಗಾತ ಮಲಗಿ ಗೊರಕೆ ಹೊಡೆಯುತ್ತಿದ್ದ. ನಾನು ಅತ್ತೆಗೆ ಕೋಷ್ಟಕ ಓದಿ ಹೇಳಿದೆ. ಹದಿನಾರು, ಹದಿನಾಲ್ಕು, ಸೊನ್ನೆ, ಹತ್ತೊಂಬತ್ತು.

“ಸೊನ್ನಿ ಎಲ್ಲಿಂದ ಬಂತು?” ಎಂದಳು.

“ರವಿವಾರ ಅತ್ತಿ. ಅವ್ವ ನೆಲಾ ತೊಳೀತಿದ್ಲಲ್ಲ, ಅವತ್ತು ಒಂದೂ ಹರೀಲಿಲ್ಲ. ಅದರಿಂದನ ನಾ ಕಂಡ್ಹಿಡಿದದ್ದು.”

ಅತ್ತೆ ನಗತೊಡಗಿದಳು. ಸದ್ದು ಬರಬಾರದೆಂದು ಸೆರಗು ಬಾಯಿಗೆ ಇಟ್ಟುಕೊಂಡಳು. “ಹುಚ್ಚಿ, ಟೈಲ್ಸ್ ಮ್ಯಾಲೆ ಸುರುವಿದ ನೀರು ಎಷ್ಟು ಹೊತ್ತು ನಿಲ್ತೈತಿ? ಐತಾರನೂ ಹರೀತಿದ್ವು. ಎಲ್ಲಾ ದಿನದಂಗ ಹರೀತಿದ್ವು.”

“ಮತ್ತ ಬೀಜ?”

ಅವಳು ಗದ್ದದಿಂದ ಅಪ್ಪನ ಕಡೆ ತೋರಿಸಿದಳು. “ಅಂವ ಇಲ್ಲೇ ಮಲಗಿರ್ತಿದ್ದ. ನಿನ್ನ ಬಟ್ಲ ಟಣ್ ಅಂತಿತ್ತು. ಪ್ರತಿ ಸಲ ಅಂವಂಗ ಕೇಳಿಸ್ಲೇನು? ಬಾಯಾಗಿಂದ ‘ಹೋತು’ ಅಂತ ಕೂಡ ತಗೀತಿದ್ದಿಲ್ಲ ನಾ.”

ನಾನು ಮೂರನೆಯ ಅಂಕಣ ನೋಡಿದೆ. ಶನಿವಾರ ಎಂಟು ಬೆರಳು, ರವಿವಾರ ಏಳು, ಸೋಮವಾರ ಎಂಟು. ಎಳೆ ಹರಿಯದ ದಿನ ಇಪ್ಪತ್ತು ಆಗಬೇಕಿತ್ತು. ಐದು ವರ್ಷ ನನ್ನ ಕೈಬರಹದಲ್ಲೇ ಇತ್ತು ಅದು. ನನಗೆ ಕಂಡಿರಲಿಲ್ಲ.

“ಅತ್ತಿ, ಅವತ್ತು ಊಟದಾಗ ನಾ ಹಂಗ ಅಂದದ್ದಕ್ಕ ನಿನಗ ಸಿಟ್ಟು ಬಂದಿತ್ತಲ್ಲ?”

“ಬಂದಿತ್ತು. ಭಾಳ ಬಂದಿತ್ತು.” ಒಂದು ಕಾಯಿ ಬಿಡಿಸಿ ಕಾಳು ಬುಟ್ಟಿಗೆ ಹಾಕಿದಳು. “ನೀ ಅನದಿದ್ರ ನಾನೂ ಅಂತಿರಲಿಲ್ಲ. ಸೀರಿ ಆಗ್ತಿರಲಿಲ್ಲ. ಅದಕ್ಕ ನಿನ್ನ ಮ್ಯಾಲೆ ಮೂರು ದಿನ ಅಷ್ಟ ಸಿಟ್ಟು ಮಾಡಿದೆ.”

“ಆ ಎರಡು ಐತಾರ ಎಷ್ಟೆಷ್ಟು ಹರದಿದ್ವು? ನೆಂಪೈತೇನು?”

“ಯಾರ್ ಎಣಿಸ್ಯಾರ?”

ನಾನು ಚೀಲದಿಂದ ಪೆನ್ಸಿಲ್ ತೆಗೆದೆ. ಸೊನ್ನೆಯ ಪಕ್ಕದಲ್ಲಿ ಒಂದು ಟಿಪ್ಪಣಿ ಹಾಕಬೇಕಿತ್ತು, ಇಂಥ ತಾರೀಖು ತಿದ್ದಿದ್ದು ಎಂದು. ಅತ್ತೆ ಸುಲಿಯುವುದನ್ನು ನಿಲ್ಲಿಸಿ ನನ್ನ ಕೈ ಹಿಡಿದಳು.

“ಬ್ಯಾಡ, ಹಂಗ ಇರ್ಲಿ. ಎದ್ದು ನೋಡ್ಯಾನು.”

ಅಪ್ಪ ನಿದ್ದೆಯಲ್ಲಿ ಮಗ್ಗುಲು ಬದಲಿಸಿ, ಟೈಲ್ಸ್ ಮೇಲೆ ಇನ್ನೂ ತಂಪಾಗಿದ್ದ ಜಾಗಕ್ಕೆ ಕೆನ್ನೆ ಹಚ್ಚಿದ. ನಾನು ಪೆನ್ಸಿಲ್ ಒಳಗಿಟ್ಟು ಅವರೆಕಾಯಿಗೆ ಕೈ ಹಾಕಿದೆ.